ಮನೆಯ ಫೋಟೊ ಪುಸ್ತಕ, ಡಿಜಿಟಲ್ ಸ್ಕ್ರ್ಯಾಪ್‌ಬುಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀರುವಿನ ಮೇಲಿನ ಟ್ರಂಕಿನಲ್ಲಿ ಹಳೆಯ ಆಲ್ಬಮ್‌ಗಳು, ಫೋನಿನಲ್ಲಿ ಸಾವಿರಾರು ಫೋಟೊ. ಎರಡನ್ನೂ ಕೂಡಿಸಿ, ಕೈಯಲ್ಲಿ ಹಿಡಿದು ನೋಡುವಂಥ ಪುಸ್ತಕ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಬೇರೆ, ಫೋಟೊ ಪುಸ್ತಕ ಬೇರೆಯೇ?

ಎರಡೂ ಒಂದೇ ಬಳಗದವು. ಫೋಟೊ ಪುಸ್ತಕದಲ್ಲಿ ಚಿತ್ರಗಳದೇ ಮೇಲುಗೈ, ಅಲಂಕಾರ ಕಡಿಮೆ. ಸ್ಕ್ರ್ಯಾಪ್‌ಬುಕ್‌ನಲ್ಲಿ ಚಿತ್ರದ ಪಕ್ಕ ಲಗ್ನಪತ್ರಿಕೆಯ ತುಣುಕು, ಅಜ್ಜಿಯ ಕೈಬರಹದ ಚೀಟಿ, ಹಳೆಯ ಬಸ್ ಟಿಕೆಟ್, ಸೀರೆಯ ಅಂಚು ಎಲ್ಲಕ್ಕೂ ಜಾಗವಿದೆ. ಕತ್ತರಿ, ಅಂಟು ಹಿಡಿದು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಲ್ಲಿ ಪದರದ ಮೇಲೆ ಪದರ ಇಟ್ಟು ಮಾಡುತ್ತೀರಿ, ಅಷ್ಟೇ. ಈ ಹವ್ಯಾಸದಲ್ಲಿ 12×12 ಇಂಚಿನ ಚೌಕ ಪುಟ ರೂಢಿಯಲ್ಲಿದೆ. ಮೊದಲ ಪುಸ್ತಕಕ್ಕೆ 8×8 ಇಂಚು ಸಾಕು. ಖರ್ಚು ಕಡಿಮೆ, ಚಿಕ್ಕ ಫೋಟೊಗಳೂ ಅದರಲ್ಲಿ ಚೆನ್ನಾಗಿ ಬರುತ್ತವೆ.

ಸ್ಟುಡಿಯೋದವರು ಕೊಟ್ಟ ಕರಿಜ್ಮಾ ಆಲ್ಬಮ್ ಇದೆಯಲ್ಲ, ಮತ್ತೆ ಇದೇಕೆ?

ಕರಿಜ್ಮಾ ಎಂದರೆ ಪುಟಗಳು ಚಪ್ಪಟೆಯಾಗಿ ತೆರೆದುಕೊಳ್ಳುವ ಅಚ್ಚಿನ ಆಲ್ಬಮ್. ಅದರಲ್ಲಿ ಚಿತ್ರ ಇದೆ, ಮಾತಿಲ್ಲ. ಮದುವೆಯ ಆಲ್ಬಮ್ ತೆರೆದು ಧಾರೆಯ ಫೋಟೊದಲ್ಲಿ ಹಿಂದೆ ನಿಂತವರು ಯಾರೆಂದು ಮಕ್ಕಳು ಕೇಳಿದರೆ, ಉತ್ತರ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ಉತ್ತರವನ್ನು ಪುಟದ ಮೇಲೆ ತರುವುದೇ ಮನೆಯ ಫೋಟೊ ಪುಸ್ತಕದ ಕೆಲಸ.

ಸಾವಿರಾರು ಫೋಟೊ ಇವೆ. ಎಲ್ಲಿಂದ ಶುರು ಮಾಡಲಿ?

ಇಡೀ ವಂಶದ ಚರಿತ್ರೆಯಿಂದ ಬೇಡ. ಹಾಗೆ ಹೊರಟ ಪುಸ್ತಕಗಳಲ್ಲಿ ಹೆಚ್ಚಿನವು ಅರ್ಧಕ್ಕೇ ನಿಲ್ಲುತ್ತವೆ. ಒಂದು ಚಿಕ್ಕ ವಿಷಯ ಹಿಡಿಯಿರಿ: ಅಜ್ಜನ ಮನೆಯ ಒಂದು ಬೇಸಿಗೆ ರಜೆ, ಅಪ್ಪನ ಷಷ್ಟ್ಯಬ್ದಿ, ಮಗುವಿನ ಮೊದಲ ವರ್ಷ, ಮಾರಿದ ಹಳೆಯ ಮನೆ. 24 ಪುಟ, 50ರಿಂದ 60 ಫೋಟೊ. ಇದಕ್ಕಿಂತ ಹೆಚ್ಚು ಮೊದಲ ಸಲಕ್ಕೆ ಬೇಡ.

ಆಯ್ಕೆಯನ್ನು ಮೂರು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿನಲ್ಲಿ ಅಲುಗಾಡಿದವು, ಕಣ್ಣು ಮುಚ್ಚಿದವು, ಒಂದೇ ಭಂಗಿಯ ಏಳೆಂಟು ಪ್ರತಿಗಳನ್ನು ಬದಿಗಿಡಿ. ಎರಡನೆಯದರಲ್ಲಿ ಪ್ರತಿ ಸಂದರ್ಭಕ್ಕೆ ಮೂರು ಚಿತ್ರ ಉಳಿಸಿ: ಜಾಗ ಕಾಣುವ ದೂರದ ಒಂದು, ಜನರಿರುವ ಒಂದು, ಹತ್ತಿರದ ಒಂದು. ಕೈ, ಕಾಲುಂಗುರ, ಒಲೆಯ ಮೇಲಿನ ಪಾತ್ರೆ, ಹೊಸ್ತಿಲ ರಂಗೋಲಿ ಇಂಥವು ಹತ್ತಿರದ ಚಿತ್ರಗಳು. ಜನ ಸಾಮಾನ್ಯವಾಗಿ ಇವನ್ನೇ ಬಿಟ್ಟುಬಿಡುತ್ತಾರೆ, ಮುಂದೆ ಪುಸ್ತಕದಲ್ಲಿ ಬೆರಳಿಟ್ಟು ತೋರಿಸುವುದೂ ಇವನ್ನೇ. ಮೂರನೆಯ ಸುತ್ತನ್ನು ವಾರ ಬಿಟ್ಟು ಮಾಡಿ, ಕಣ್ಣು ಹೊಸದಾಗಿರುತ್ತದೆ.

ಬೇಡವಾದದ್ದನ್ನು ಅಳಿಸಬೇಡಿ. ಬೇರೆ ಫೋಲ್ಡರಿಗೆ ಸರಿಸಿದರೆ ಸಾಕು.

ಹಳೆಯ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡುವುದು ಹೇಗೆ?

ಗಾಜಿನ ಹಾಸಿರುವ ಫ್ಲಾಟ್‌ಬೆಡ್ ಸ್ಕ್ಯಾನರ್ ಒಳ್ಳೆಯದು. ಮನೆಯ ಆಲ್-ಇನ್-ಒನ್ ಪ್ರಿಂಟರಿನಲ್ಲಿರುವುದೂ ನಡೆಯುತ್ತದೆ. ಕಾಗದವನ್ನು ಎಳೆದುಕೊಳ್ಳುವ ಫೀಡರಿಗೆ ಮಾತ್ರ ಹಳೆಯ ಫೋಟೊ ಹಾಕಬೇಡಿ. ಮೂಲೆ ಮಡಚಿದ್ದು ಸಿಕ್ಕಿಕೊಂಡು ಹರಿಯುತ್ತದೆ.

ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಎನ್ನುವುದು ಮೂಲದ ಅಳತೆಯ ಮೇಲೆ ಹೋಗುತ್ತದೆ. 4×6 ಇಂಚಿನ ಪ್ರಿಂಟಿಗೆ 600 ಡಿಪಿಐ ಕೊಟ್ಟರೆ 2400×3600 ಪಿಕ್ಸೆಲ್ ಬರುತ್ತದೆ. ಅಚ್ಚಿಗೆ 300 ಡಿಪಿಐ ಲೆಕ್ಕ ಹಿಡಿದರೆ ಅದನ್ನು 8×12 ಇಂಚಿನವರೆಗೆ ಹಿಗ್ಗಿಸಿ ಅಚ್ಚು ಹಾಕಬಹುದು. ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ 1200 ಕೊಡಿ. 35 ಮಿ.ಮೀ. ನೆಗೆಟಿವ್‌ಗೆ 3200 ಬೇಕು, ಜೊತೆಗೆ ಸ್ಕ್ಯಾನರಿನ ಮುಚ್ಚಳದಲ್ಲೂ ಬೆಳಕಿರಬೇಕು. ಸಾಮಾನ್ಯ ಸ್ಕ್ಯಾನರಿನಲ್ಲಿ ನೆಗೆಟಿವ್ ಕಪ್ಪಾಗಿ ಬರುವುದು ಆ ಬೆಳಕಿಲ್ಲದ ಕಾರಣಕ್ಕೆ.

ಕಪ್ಪು-ಬಿಳುಪು ಫೋಟೊವನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ಶಾಯಿಯ ಗುರುತು ಬೇರೆ ಬಣ್ಣವಾಗಿ ದಾಖಲಾದರೆ ಆಮೇಲೆ ತೆಗೆಯುವುದು ಸುಲಭ. ಮೂಲ ಪ್ರತಿಯನ್ನು ಟಿಫ್ (TIFF) ಕಡತವಾಗಿ ಉಳಿಸಿ. 4×6ರ ಒಂದು ಚಿತ್ರ ಸುಮಾರು 26 ಎಂಬಿ ಆಗುತ್ತದೆ, 100 ಚಿತ್ರಕ್ಕೆ 2.6 ಜಿಬಿ. ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಜೆಪೆಗ್ (JPEG) ಕಡತ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಟಿಫ್ ಹಾಗಲ್ಲ.

ಫೋಟೊದ ಹಿಂಬದಿಯಲ್ಲಿ ಬರಹ, ತಾರೀಖು, ಸ್ಟುಡಿಯೋ ಮೊಹರು ಏನಿದ್ದರೂ ಅದನ್ನೂ ಸ್ಕ್ಯಾನ್ ಮಾಡಿ. ಎಷ್ಟೋ ಸಲ ಊರನ್ನೂ ಕಾಲವನ್ನೂ ಹೇಳುವುದು ಆ ಮೊಹರೊಂದೇ.

ಸ್ಕ್ಯಾನರ್ ಇಲ್ಲ. ಫೋನಿನಲ್ಲಿ ಆಗುವುದಿಲ್ಲವೇ?

ಆಗುತ್ತದೆ. ಗೂಗಲ್‌ನ ಫೋಟೊಸ್ಕ್ಯಾನ್ ಆ್ಯಪ್ ಒಂದೇ ಚಿತ್ರವನ್ನು ಬೇರೆ ಬೇರೆ ಕೋನದಿಂದ ತೆಗೆಸಿಕೊಂಡು ಹೊಳಪನ್ನು ತೆಗೆದುಹಾಕುತ್ತದೆ. ತೆರೆಯ ಮೇಲಿನ ನಾಲ್ಕು ಚುಕ್ಕಿಗಳ ಕಡೆಗೆ ಫೋನನ್ನು ಸಮತಟ್ಟಾಗಿ ಜರುಗಿಸಿ, ಓರೆ ಮಾಡಬೇಡಿ. ಆ್ಯಪ್ ಇಲ್ಲದೆ ತೆಗೆಯುವುದಾದರೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಚಿತ್ರವಿಟ್ಟು, ಫ್ಲಾಶ್ ಆರಿಸಿ, ಟ್ಯೂಬ್‌ಲೈಟನ್ನೂ ಆರಿಸಿ. ಎರಡು ಬಗೆಯ ಬೆಳಕು ಬಿದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗುತ್ತದೆ.

ಅಂಟು ಪುಟದ ಆಲ್ಬಮ್‌ನಿಂದ ಫೋಟೊ ಬರುತ್ತಿಲ್ಲ. ಎಳೆಯಬಹುದೇ?

ಎಳೆಯಬೇಡಿ. ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಅಂಟಿಸುವ ಆಲ್ಬಮ್‌ಗಳಲ್ಲಿ ಅಂಟು ವರ್ಷಗಳಲ್ಲಿ ಗಟ್ಟಿಯಾಗಿ ಕಾಗದವನ್ನು ಹಿಡಿದುಬಿಡುತ್ತದೆ. ಹಲ್ಲಿನ ಸಂದಿ ಶುಚಿಮಾಡುವ ಮೇಣರಹಿತ ಫ್ಲಾಸ್ ದಾರವನ್ನು ಫೋಟೊದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಚೆ ಈಚೆ ಎಳೆಯುತ್ತ ಸಾಗಿ. ಬಗ್ಗುತ್ತಿರುವುದು ಫೋಟೊ ಎಂದು ಕಂಡರೆ ನಿಲ್ಲಿಸಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಬಿಸಿ ಇಸ್ತ್ರಿ, ನೀರು, ಥಿನ್ನರ್ ಯಾವುದನ್ನೂ ಹಚ್ಚಬೇಡಿ.

ಗೋಡೆಯ ಫ್ರೇಮಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಬಿಡಿಸುವ ಯತ್ನವೇ ಬೇಡ. ಚಿತ್ರದ ಮೇಲ್ಪದರ ಗಾಜಿನೊಂದಿಗೆ ಹೋಗುತ್ತದೆ. ಗಾಜಿನ ಹೊರಮೈ ಒರೆಸಿ ಅದರ ಮೇಲಿನಿಂದಲೇ ಸ್ಕ್ಯಾನ್ ಮಾಡಿ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಫೋಟೊ ಬೂಸ್ಟು ಹಿಡಿಯುವುದು ಸಾಮಾನ್ಯ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಸ್ಟಿನ ಜೊತೆ ಚಿತ್ರವೂ ಅಳಿಸಿಹೋಗುತ್ತದೆ. ಒಣ ಹವೆಯಲ್ಲಿ ಒಂದೆರಡು ದಿನ ಆರಬಿಟ್ಟು, ಬಾಯಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ ಕುಳಿತು ಮೆತ್ತನೆಯ ಒಣ ಕುಂಚದಿಂದ ಝಾಡಿಸಿ.

ಕೆಂಪಾಗಿ ಹೋದ ಹಳೆಯ ಕಲರ್ ಫೋಟೊ ಸರಿಯಾಗುತ್ತದೆಯೇ?

ಬಹಳಷ್ಟು ಸರಿಯಾಗುತ್ತದೆ. ಆ ಕಾಲದ ಕಲರ್ ಕಾಗದದಲ್ಲಿ ಸಯಾನ್ (ಹಸಿರುಮಿಶ್ರಿತ ನೀಲಿ) ಬಣ್ಣ ಉಳಿದವಕ್ಕಿಂತ ಬೇಗ ಮಾಸುತ್ತಿತ್ತು, ಹಾಗಾಗಿ ಕೆಂಪು ಎದ್ದು ಕಾಣುತ್ತದೆ. ಫೋಟೊ ತಿದ್ದುವ ತಂತ್ರಾಂಶಗಳಾದ ಗಿಂಪ್ ಅಥವಾ ಫೋಟೊಶಾಪ್‌ನಲ್ಲಿ ಬೆಳಕು, ಬಣ್ಣ ಸರಿಪಡಿಸುವ ಲೆವೆಲ್ಸ್ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿ, ಗ್ರಾಫಿನ ಗುಡ್ಡ ಶುರುವಾಗುವ ಮತ್ತು ಮುಗಿಯುವ ಜಾಗಕ್ಕೆ ಎರಡು ತುದಿಯ ಗುಂಡಿಗಳನ್ನು ತನ್ನಿ. ಮುಖದ ಬಣ್ಣವನ್ನು ನೋಡಿ ನಿಲ್ಲಿಸಬೇಡಿ. ಚಿತ್ರದಲ್ಲಿ ಬಿಳಿ ಪಂಚೆಯೋ ಸುಣ್ಣದ ಗೋಡೆಯೋ ಇದ್ದರೆ ಅದು ಬಿಳಿಯಾಯಿತೇ ನೋಡಿ.

ಮಸುಕಾದ ಮುಖವನ್ನು ಸ್ಫುಟಗೊಳಿಸುತ್ತೇವೆನ್ನುವ ಎಐ ಆ್ಯಪ್‌ಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಪುಸ್ತಕಕ್ಕೆ ಅವು ಬೇಡ. ಚಿತ್ರದಲ್ಲಿ ಇಲ್ಲದ ಕಣ್ಣು, ಹಲ್ಲು, ಚರ್ಮವನ್ನು ಅವು ಊಹಿಸಿ ತುಂಬುತ್ತವೆ. ನೋಡಲು ಚೆಂದವಿರುತ್ತದೆ, ಆದರೆ ಅದು ನಿಮ್ಮ ಮುತ್ತಜ್ಜಿಯ ಮುಖವಲ್ಲ. ಗೀರು, ಕಲೆ ತೆಗೆಯಿರಿ. ಮುಖವನ್ನು ಇದ್ದ ಹಾಗೇ ಚಿಕ್ಕದಾಗಿ ಹಾಕಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಪುಸ್ತಕಕ್ಕೆ ಆಗುತ್ತದೆಯೇ?

ಚಿಕ್ಕದಾಗಿ ಹಾಕಿದರೆ ಆಗುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಚಿತ್ರದ ಉದ್ದನೆಯ ಬದಿ ಹೆಚ್ಚುಕಡಿಮೆ 1600 ಪಿಕ್ಸೆಲ್‌ಗೆ ಇಳಿಯುತ್ತದೆ. 300 ಡಿಪಿಐ ಲೆಕ್ಕದಲ್ಲಿ ಅದು 5.3 ಇಂಚು. 200ಕ್ಕೆ ಇಳಿಸಿ ರಾಜಿಯಾದರೆ 8 ಇಂಚು. ಪುಟ ತುಂಬ ಹಿಗ್ಗಿಸಿದರೆ ಮುಖಗಳು ಮೇಣದಂತೆ ಕಾಣುತ್ತವೆ. ತಂತ್ರಾಂಶದಲ್ಲಿ ಡಿಪಿಐ ಅಂಕಿಯನ್ನು 72ರಿಂದ 300 ಎಂದು ಬದಲಿಸಿದ ಮಾತ್ರಕ್ಕೆ ಇಲ್ಲದ ಪಿಕ್ಸೆಲ್ ಹುಟ್ಟುವುದಿಲ್ಲ.

ಬಂಧುಗಳನ್ನು ಕೇಳುವಾಗಲೇ ಹೇಳಿಬಿಡಿ: "ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿ." ಆಗ ಮೂಲ ಕಡತವೇ ಬರುತ್ತದೆ, ತೆಗೆದ ದಿನಾಂಕವೂ ಅದರೊಳಗೇ ಉಳಿದಿರುತ್ತದೆ. ಐಫೋನಿನವರು ಕಳಿಸಿದ ಹೈಕ್ (HEIC) ಕಡತ ತೆರೆಯದಿದ್ದರೆ ಜೆಪೆಗ್‌ಗೆ ಬದಲಿಸಿಕೊಳ್ಳಿ.

ಚಿತ್ರದ ಕೆಳಗೆ ಏನು ಬರೆಯಬೇಕು?

ಬೇರೆಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು. ವಿನ್ಯಾಸ ಕೆಟ್ಟರೆ ಮತ್ತೆ ಮಾಡಬಹುದು. ಹೆಸರು ಹೇಳುವವರು ಇಲ್ಲವಾದ ಮೇಲೆ ಆ ಫೋಟೊ ಯಾರದೋ ಫೋಟೊ ಆಗಿಹೋಗುತ್ತದೆ. ಆದ್ದರಿಂದ ಪುಟ ಜೋಡಿಸುವ ಮೊದಲೇ ಹೆಸರುಗಳನ್ನು ಬರೆದುಕೊಳ್ಳಿ.

ನಮ್ಮ ಮನೆಗಳಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಸಂಬಂಧದ ಪದ. "ಅಜ್ಜಿ ಮತ್ತು ದೊಡ್ಡಮ್ಮ, ಶಿರಸಿ" ಎಂದು ಬರೆದರೆ ಇವತ್ತು ನಿಮಗೆ ಅರ್ಥವಾಗುತ್ತದೆ. ನಿಮ್ಮ ಮಕ್ಕಳಿಗೆ ಅಜ್ಜಿಯೆಂದರೆ ಬೇರೆಯವರು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕನೂ ಹೌದು, ದೊಡ್ಡಪ್ಪನ ಹೆಂಡತಿಯೂ ಹೌದು. ಎರಡನೆಯದು ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ. ಒಂದೇ ಮನೆಯಲ್ಲಿ ಇಬ್ಬರು ಸುಬ್ಬಣ್ಣ, ಮೂವರು ಗೌರಮ್ಮ ಇರುತ್ತಾರೆ. ಅದಕ್ಕೇ ಪುಸ್ತಕಕ್ಕೊಬ್ಬರನ್ನು ನಡುವಿಟ್ಟುಕೊಂಡು ಎಲ್ಲ ಸಂಬಂಧವನ್ನೂ ಅವರಿಂದಲೇ ಹೇಳಿ, ಹೆಸರನ್ನು ಇನಿಷಿಯಲ್ ಸಮೇತ ಬರೆದು, ಗೊತ್ತಿದ್ದರೆ ಹುಟ್ಟಿದ ವರ್ಷ ಸೇರಿಸಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಬಿಡಬೇಡಿ. ಎಷ್ಟೋ ಜನ "ಪುಟ್ಟಕ್ಕ" ಎಂದಷ್ಟೇ ನೆನಪಿರುತ್ತಾರೆ, ಅವರ ನಿಜ ಹೆಸರು ದಾಖಲೆಯಲ್ಲಿ ಮಾತ್ರ ಇರುತ್ತದೆ.

ಗುಂಪು ಫೋಟೊಕ್ಕೆ ಹೀಗೆ ಮಾಡಿ. ಚಿತ್ರದ ಒಂದು ಪ್ರತಿಯನ್ನು ಎ4 ಕಾಗದದಲ್ಲಿ ಮಾಸಲಾಗಿ ಅಚ್ಚು ಹಾಕಿ, ಪ್ರತಿ ತಲೆಯ ಮೇಲೆ ಅಂಕಿ ಬರೆದು, ಹಿರಿಯರ ಮುಂದಿಟ್ಟು ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. "ಇವರು ಯಾರು?" ಎಂದು ಕೇಳುವುದಕ್ಕಿಂತ "ಈ ದಿನ ಅಡುಗೆ ಯಾರದ್ದು? ಫೋಟೊ ತೆಗೆದವರು ಯಾರು?" ಎಂದು ಕೇಳಿದರೆ ಮಾತು ಹರಿಯುತ್ತದೆ, ಹೆಸರುಗಳು ತಾವಾಗಿ ಬರುತ್ತವೆ. ಒಂದು ಕೂತಿಗೆ ಹತ್ತು ಹದಿನೈದು ಚಿತ್ರ ಸಾಕು, ಹಿರಿಯರು ದಣಿಯುತ್ತಾರೆ.

ಇಸವಿ ಖಚಿತವಿಲ್ಲದಿದ್ದರೆ "1974ರ ಆಸುಪಾಸು" ಎಂದು ಬರೆಯಿರಿ. ಊಹೆಯ ಇಸವಿಯನ್ನು ಖಚಿತವೆಂಬಂತೆ ಅಚ್ಚು ಹಾಕಿದರೆ ಮುಂದಿನವರು ಅದನ್ನೇ ನಂಬುತ್ತಾರೆ. ಸ್ಕ್ಯಾನ್ ಮಾಡಿದ ಕಡತಕ್ಕೆ ಕಂಪ್ಯೂಟರ್ ಸ್ಕ್ಯಾನ್ ಮಾಡಿದ ದಿನವನ್ನೇ ದಿನಾಂಕವಾಗಿ ಕೊಡುತ್ತದೆ ಎನ್ನುವುದೂ ನೆನಪಿರಲಿ. ಕಡತದ ಹೆಸರನ್ನು 1974-05-00-012 ಎಂಬಂತೆ ವರ್ಷ, ತಿಂಗಳು, ದಿನ, ಕ್ರಮಸಂಖ್ಯೆಯಿಂದ ಕೊಟ್ಟರೆ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಗೊತ್ತಿಲ್ಲದ ದಿನಕ್ಕೆ 00.

ಯಾವ ಸಾಫ್ಟ್‌ವೇರ್ ಬಳಸಲಿ?

ಹೊಸಬರಿಗೆ ಕ್ಯಾನ್ವಾ ಸಾಕು. ಪುಟದ ಅಳತೆಯನ್ನು ಪಿಕ್ಸೆಲ್‌ನಲ್ಲಿ ಕೊಡದೆ ಇಂಚಿನಲ್ಲೇ ಕೊಟ್ಟು, ಕೊನೆಗೆ "ಪಿಡಿಎಫ್ ಪ್ರಿಂಟ್" ಆಯ್ಕೆಯಲ್ಲಿ ಇಳಿಸಿಕೊಳ್ಳಿ. ಕಾಸು ಖರ್ಚಿಲ್ಲದೆ ಪದರಗಳ ಮೇಲೆ ಪೂರ್ತಿ ಹಿಡಿತ ಬೇಕಿದ್ದರೆ ಗಿಂಪ್, ಹಲವು ಪುಟದ ಪುಸ್ತಕ ಜೋಡಿಸಲು ಸ್ಕ್ರೈಬಸ್. ಫೋಟೊಶಾಪ್ ಈಗಾಗಲೇ ಗೊತ್ತಿದ್ದರೆ ಅದರಲ್ಲೇ ಮಾಡಿ. ಇದಕ್ಕಾಗಿಯೇ ಕಲಿಯುವ ಅಗತ್ಯವಿಲ್ಲ.

ಕನ್ನಡ ಅಕ್ಷರ ಒಡೆದು ಬರುತ್ತಿದೆ. ಏನು ಮಾಡಲಿ?

"ಅಜ್ಜಿ" ಎಂದು ಟೈಪಿಸಿದ್ದು "ಅಜ್‌ಜಿ" ಎಂದು ಕಂಡರೆ, ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸಲು ಬರುತ್ತಿಲ್ಲ ಎಂದರ್ಥ. ಅಕ್ಷರಶೈಲಿಯ ತಪ್ಪಲ್ಲ. ಹಳೆಯ ಫೋಟೊಶಾಪ್‌ಗಳಲ್ಲಿ ಇದು ಹೆಚ್ಚು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ, ಕೆಲವು ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಎಂದಿರುತ್ತದೆ, ಅದನ್ನು ಆರಿಸಿ ಹೊಸ ಕಡತ ತೆರೆಯಿರಿ. ಗಿಂಪ್‌ನಲ್ಲೂ ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲೂ ಒತ್ತಕ್ಷರ ಸರಿಯಾಗೇ ಬರುತ್ತದೆ. ಸ್ಕ್ರೈಬಸ್ ಆದರೆ 1.6 ಅಥವಾ ಅದರ ಮುಂದಿನ ಆವೃತ್ತಿ ಇರಲಿ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿಟ್ಟದ್ದು ಬೇರೆಡೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಎಲ್ಲೆಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಸೂರ್ಯ, ಕಾರ್ತಿಕ, ಪಾರ್ವತಿಯಂಥ ಹೆಸರುಗಳಲ್ಲೇ ತಪ್ಪು ನುಸುಳುವುದು.

ಪುಸ್ತಕದ ಓದಿಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ ಚೆನ್ನಾಗಿ ಒಪ್ಪುತ್ತವೆ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒಂದು ಪುಸ್ತಕಕ್ಕೆ ಎರಡು ಅಕ್ಷರಶೈಲಿ ಸಾಕು. ನಮ್ಮ ಲಿಪಿಯಲ್ಲಿ ಒತ್ತು ಕೆಳಗಿಳಿಯುವುದರಿಂದ ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು: 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರ ಕೊಟ್ಟು ನೋಡಿ.

ಒಂದು ಪುಟವನ್ನು ಹೇಗೆ ಕಟ್ಟುವುದು?

ಅಜ್ಜಿಯ ಒಬ್ಬಟ್ಟಿನ ಪುಟವನ್ನೇ ತೆಗೆದುಕೊಳ್ಳಿ. ಕೈಯಲ್ಲಿರುವುದು ಒಂದು ಫೋಟೊ, ಎಣ್ಣೆ ಕಲೆಯಾದ ಕೈಬರಹದ ಚೀಟಿ, ಒಂದು ಇಳಕಲ್ ಸೀರೆ.

ಎಲ್ಲಕ್ಕಿಂತ ಕೆಳಗಿನ ಪದರ ಹಿನ್ನೆಲೆ. ಸೀರೆಯನ್ನು ನೆರಳಿನಲ್ಲಿ ಹರಡಿ ಮೇಲಿನಿಂದ ನೇರವಾಗಿ ಫೋಟೊ ತೆಗೆಯಿರಿ. ಜರಿ ಇರುವ ಸೀರೆಯನ್ನು ಸ್ಕ್ಯಾನರಿನಲ್ಲಿಟ್ಟರೆ ಜರಿ ಕಪ್ಪಾಗಿಯೋ ಕಣ್ಣು ಕುಕ್ಕುವಂತೆಯೋ ಬರುತ್ತದೆ. ಒಡಲಿನ ಬಣ್ಣವನ್ನು ಪುಟಕ್ಕೆ ಹಾಸಿ, ಅಂಚನ್ನು ಎಡಬದಿಗೆ ಒಂದೂವರೆ ಇಂಚಿನ ಪಟ್ಟಿಯಾಗಿ ಮಾತ್ರ ಉಳಿಸಿ. ಪುಟ ತುಂಬ ಅಂಚಿನ ವಿನ್ಯಾಸ ಬಂದರೆ ಫೋಟೊ ಅದರಲ್ಲಿ ಮುಳುಗುತ್ತದೆ.

ಅದರ ಮೇಲೆ ಫೋಟೊ. ಚೌಕಟ್ಟಿನ ಆಕಾರ ಬರೆದು ಫೋಟೊಶಾಪ್‌ನಲ್ಲಿ ಕ್ಲಿಪಿಂಗ್ ಮಾಸ್ಕ್ ಹಾಕಿದರೆ ಚಿತ್ರ ಆ ಆಕಾರದೊಳಗೆ ಕೂರುತ್ತದೆ, ಮೂಲ ಕತ್ತರಿಸಿಹೋಗುವುದಿಲ್ಲ.

ಚೀಟಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬರಹ ಮಾತ್ರ ಬೇಕಿದ್ದರೆ ಲೆವೆಲ್ಸ್‌ನಲ್ಲಿ ಕಾಗದವನ್ನು ಪೂರ್ತಿ ಬಿಳಿ ಮಾಡಿ ಪದರದ ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಿಸಿ: ಬಿಳಿ ಮಾಯವಾಗಿ ಅಕ್ಷರ ಮಾತ್ರ ಉಳಿಯುತ್ತದೆ. ಆದರೆ ಚೀಟಿಯನ್ನು ಎಣ್ಣೆ ಕಲೆ ಸಮೇತ ಹಾಕುವುದೇ ಚೆಂದ. "ಬೆಲ್ಲ 1 ಅಚ್ಚು, ಬೇಳೆ 1 ಪಾವು" ಎಂದು ಅವರ ಕೈಯಲ್ಲೇ ಬರೆದಿರುವಾಗ ಅದನ್ನು ಮತ್ತೆ ಟೈಪಿಸಿ ಕೆಳಗೆ ಹಾಕುವ ಅಗತ್ಯವಿಲ್ಲ. ಓದಲಾಗದ ಪದವಿದ್ದರೆ ಅದಷ್ಟನ್ನು ಪಕ್ಕದಲ್ಲಿ ಸಣ್ಣಗೆ ಕೊಡಿ.

ಕೊನೆಗೆ ನೆರಳು. ಹೊಸಬರ ಪುಟ ಕೃತಕವಾಗಿ ಕಾಣಲು ಮುಖ್ಯ ಕಾರಣ ಇದೇ: ಫೋಟೊದ ನೆರಳು ಬಲಕ್ಕೆ, ಚೀಟಿಯದು ಎಡಕ್ಕೆ. ಎಲ್ಲದರ ಬೆಳಕೂ ಒಂದೇ ದಿಕ್ಕಿನಿಂದ ಬರಲಿ. ಕಾಗದಕ್ಕೆ ತೆಳು ನೆರಳು, ಗುಂಡಿ, ಹೂವಿನಂಥ ದಪ್ಪ ವಸ್ತುವಿಗೆ ಸ್ವಲ್ಪ ಅಗಲ ನೆರಳು.

ಅಂಚಿನಲ್ಲಿ ತಲೆ ಕತ್ತರಿಸಿಹೋಯಿತು. ಯಾಕೆ?

ಅಚ್ಚಾದ ಮೇಲೆ ಪುಟಗಳನ್ನು ಒಟ್ಟಿಗೆ ಕತ್ತರಿಸುತ್ತಾರೆ, ಬ್ಲೇಡು ಕೂದಲೆಳೆಯಷ್ಟು ಆಚೀಚೆ ಆಗುವುದು ಸಹಜ. ಅದಕ್ಕೆ ಹಿನ್ನೆಲೆಯನ್ನು ಪ್ರತಿ ಬದಿಗೂ 3 ಮಿ.ಮೀ. ಹೊರಗೆ ಚಾಚಬೇಕು, ಇದನ್ನು ಬ್ಲೀಡ್ ಎನ್ನುತ್ತಾರೆ. ಮುಖ, ಅಕ್ಷರಗಳನ್ನು ಕತ್ತರಿಸುವ ಗೆರೆಯಿಂದ ಕನಿಷ್ಠ 10 ಮಿ.ಮೀ. ಒಳಗಿಡಿ. ಬೆನ್ನಿಗೆ ಅಂಟು ಹಾಕುವ ಪುಸ್ತಕದಲ್ಲಿ ನಡುವಿನ ಮಡಿಕೆಯೊಳಗೂ ಚಿತ್ರ ನುಂಗಿಹೋಗುತ್ತದೆ, ಅಲ್ಲಿ 15 ಮಿ.ಮೀ. ಬಿಡಿ. ಕರಿಜ್ಮಾ ಮಾದರಿಯಲ್ಲಿ ಪುಟ ಚಪ್ಪಟೆಯಾಗಿ ತೆರೆದುಕೊಳ್ಳುವುದರಿಂದ ಆ ಕಷ್ಟವಿಲ್ಲ. ಅಲ್ಲಿ 12×36 ಇಂಚಿನ ಒಂದೇ ಹಾಳೆ, ಅಂದರೆ 300 ಡಿಪಿಐನಲ್ಲಿ 3600×10800 ಪಿಕ್ಸೆಲ್, ಎದುರುಬದುರಿನ ಎರಡು ಪುಟವಾಗುತ್ತದೆ. ಆದರೂ ನಟ್ಟನಡುವೆ ಮಡಿಕೆ ಬೀಳುವ ಕಡೆ ಯಾರ ಮುಖವೂ ಬಾರದಿರಲಿ.

ತೆರೆಯ ಮೇಲೆ ಚೆನ್ನಾಗಿತ್ತು, ಅಚ್ಚಿನಲ್ಲಿ ಕಪ್ಪಾಗಿದೆ. ಏಕೆ?

ಫೋನಿನ ತೆರೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ತೆರೆಯ ಹೊಳಪನ್ನು ಅರ್ಧಕ್ಕೆ ಇಳಿಸಿಕೊಂಡು ತಿದ್ದಿ. ದೀಪದ ಬೆಳಕಿನ ಒಳಾಂಗಣ ಚಿತ್ರಗಳನ್ನು ನಿಮಗೆ ಸರಿ ಎನಿಸುವುದಕ್ಕಿಂತ ತುಸು ಹೆಚ್ಚೇ ಬೆಳಗಿಸಿ. ಮುದ್ರಿಸುವ ಲ್ಯಾಬಿನವರು ಬೇರೆ ಹೇಳದಿದ್ದರೆ ಬಣ್ಣದ ಪ್ರೊಫೈಲ್ (ಕಡತದ ಬಣ್ಣಗಳನ್ನು ಹೇಗೆ ಓದಬೇಕೆನ್ನುವ ಸೂಚನೆ) ಎಸ್‌ಆರ್‌ಜಿಬಿಯಲ್ಲೇ ಇರಲಿ.

ಮುದ್ರಿಸುವ ಮೊದಲು ಲ್ಯಾಬಿನಲ್ಲಿ ಏನು ಕೇಳಬೇಕು?

ಕಡತ ಜೆಪೆಗ್ ಬೇಕೋ ಪಿಡಿಎಫ್ ಬೇಕೋ, ಬ್ಲೀಡ್ ಎಷ್ಟು, ಎಷ್ಟು ಪುಟದ ಗುಣಕದಲ್ಲಿರಬೇಕು (ಪಿನ್ ಹೊಡೆಯುವ ಪುಸ್ತಕಕ್ಕೆ 4ರ ಗುಣಕ), ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ಎಷ್ಟು. ಜೆಪೆಗ್ ಆದರೆ ಕನ್ನಡ ಅಕ್ಷರವೂ ಚಿತ್ರವಾಗಿಯೇ ಹೋಗುವುದರಿಂದ ಅಲ್ಲಿ ಫಾಂಟ್ ಇಲ್ಲದಿದ್ದರೂ ಒಡೆಯದು. ಪಿಡಿಎಫ್ ಆದರೆ ಫಾಂಟುಗಳು ಅದರೊಳಗೆ ಅಡಕವಾಗಿರಲಿ. ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಕೊಡಿ. ಕಾಗದ ಮ್ಯಾಟ್ ಆಗಿದ್ದರೆ ಬೆರಳ ಗುರುತು ಕಡಿಮೆ, ಸಂಜೆ ದೀಪದ ಕೆಳಗೆ ಕುಳಿತು ನೋಡುವಾಗ ಹೊಳಪೂ ಅಡ್ಡ ಬರುವುದಿಲ್ಲ.

ಹತ್ತು ಪ್ರತಿ ಮಾಡಿಸುವುದಿದ್ದರೂ ಮೊದಲು ಒಂದೇ ಪ್ರತಿ ಮಾಡಿಸಿ. ಅದನ್ನು ಮನೆಯ ಇಬ್ಬರಿಗೆ ಕೊಟ್ಟು ಹೆಸರುಗಳನ್ನು ಮಾತ್ರ ಓದಿಸಿ: ಶ, ಷ, ಸ ಮತ್ತು ಲ, ಳ ಅದಲುಬದಲು ಅವರಿಗೆ ಥಟ್ಟನೆ ಕಾಣುತ್ತದೆ.

ಸ್ಟುಡಿಯೋ ತೆಗೆದ ಫೋಟೊ ಬಳಸಬಹುದೇ?

ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ನೀವೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು ಹಾಗೆ ಹೇಳುತ್ತದೆ. ಅಂತರ್ಜಾಲದಿಂದ ಇಳಿಸಿದ ಅಲಂಕಾರದ ಕಿಟ್‌ಗಳಿಗೆ ಮಾತ್ರ ಪರವಾನಗಿ ನೋಡಿಕೊಳ್ಳಿ. ಸ್ವಂತ ಬಳಕೆಗೆ ಎಂದಿದ್ದರೆ ಮನೆಯ ಪುಸ್ತಕಕ್ಕೆ ಸರಿ, ಮಾರುವುದಕ್ಕಲ್ಲ.

ಕಡತಗಳನ್ನು ಎಲ್ಲಿ ಇಡಲಿ?

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಕಂಪ್ಯೂಟರಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡಿನಲ್ಲೋ ಬೇರೆ ಊರಿನ ತಮ್ಮನ ಮನೆಯಲ್ಲೋ ಒಂದು. ಗೂಗಲ್ ಫೋಟೊಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿದೆ. ಈಗ ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್ ಜೊತೆ ಹಂಚಿಕೊಳ್ಳಬೇಕು.

ಅಚ್ಚಾದ ಮೇಲೆ ಹೊಸ ವಿಷಯ ಗೊತ್ತಾದರೆ?

ಖಂಡಿತ ಗೊತ್ತಾಗುತ್ತದೆ. ಪುಸ್ತಕ ಕೈಗೆ ಬಂದ ದಿನವೇ ಯಾರಾದರೂ "ಇವರು ಅವರಲ್ಲ, ಅವರ ತಂಗಿ" ಎನ್ನುತ್ತಾರೆ. ಅದಕ್ಕಾಗಿ ಕೊನೆಯ ಎರಡು ಪುಟ ಖಾಲಿ ಬಿಡಿ, ಸಾಧ್ಯವಾದರೆ ಹೊಳಪಿಲ್ಲದ ಕಾಗದದಲ್ಲಿ. ನಯವಾದ ಕಾಗದದ ಮೇಲೆ ಬಾಲ್‌ಪೆನ್ನು ಜಾರುತ್ತದೆ, ಜೆಲ್ ಶಾಯಿ ಕಲಸಿಹೋಗುತ್ತದೆ. ಪಿಗ್ಮೆಂಟ್ ಶಾಯಿಯ ಡ್ರಾಯಿಂಗ್ ಪೆನ್ನು ಒಳ್ಳೆಯದು. ಪುಟಸಂಖ್ಯೆ, ತಿದ್ದುಪಡಿ, ಹೇಳಿದವರ ಹೆಸರು, ತಾರೀಖು ಬರೆದು, ಅದೇ ತಿದ್ದುಪಡಿಯನ್ನು ಕಂಪ್ಯೂಟರಿನ ಮೂಲ ಕಡತದಲ್ಲೂ ಅವತ್ತೇ ಮಾಡಿ.